ವರ್ಷಕ್ಕೆ 26 ಕಂತು: ‘ಒನ್ ಪೀಸ್’ ನಿಧಾನವಾಗುತ್ತಿದೆಯಾ, ವೇಗವಾಗುತ್ತಿದೆಯಾ?

ಅಕ್ಟೋಬರ್ 2025ರ ಕೊನೆಯಲ್ಲಿ ಜಪಾನಿನ ಟೋಯೈ ಅನಿಮೇಷನ್ ಸಂಸ್ಥೆ ಒಂದು ಘೋಷಣೆ ಮಾಡಿತು. ಕಡಲ್ಗಳ್ಳರ ಸಾಹಸ ಹೇಳುವ ‘ಒನ್ ಪೀಸ್’ ಅನಿಮೆಗೆ, ಅಂದರೆ ಜಪಾನಿ ಕಾರ್ಟೂನ್ ಸರಣಿಗೆ, 2026ರ ಜನವರಿಯಿಂದ ಮಾರ್ಚ್‌ವರೆಗೆ ಬಿಡುವು. ಏಪ್ರಿಲ್‌ನಿಂದ ‘ಎಲ್ಬಾಫ್’ ಎಂಬ ಹೊಸ ಕಥಾಭಾಗ ಶುರು. ಅಲ್ಲಿಂದ ಮುಂದೆ ವರ್ಷವಿಡೀ ವಾರ ವಾರ ಕಂತು ಬರುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ 26 ಕಂತು, ಅದೂ ಎರಡು ಭಾಗಗಳಾಗಿ.

1999ರ ಅಕ್ಟೋಬರ್‌ನಿಂದ ವಾರಕ್ಕೊಂದು ಕಂತಿನಂತೆ ಓಡುತ್ತಾ 1150 ಕಂತು ದಾಟಿದ ಕಾರ್ಯಕ್ರಮ ಇದು. ಹಾಗಾಗಿ ಸುದ್ದಿ ಕೇಳಿ ಗೊಂದಲವಾದದ್ದು ಸಹಜ. ಅಂಗಡಿ ಮುಚ್ಚುವ ಸೂಚನೆ ಇದು ಎಂದು ಕೆಲವರು ಓದಿಕೊಂಡರು. ಕಂತು ಅರ್ಧಕ್ಕೆ ಇಳಿದರೆ ಕಥೆ ಮುಗಿಯಲು ಎರಡರಷ್ಟು ಕಾಲ ಬೇಕಲ್ವಾ ಎಂದು ಇನ್ನು ಕೆಲವರು ಕೇಳಿದರು. ವಿಚಿತ್ರ ಅನ್ನಿಸುವುದು ಮೂರನೆಯ ಗುಂಪು. ಇವರು ಹಳೆಯ, ನಿಷ್ಠಾವಂತ ಅಭಿಮಾನಿಗಳು. ತಮಗಿಷ್ಟವಾದ ಕಾರ್ಯಕ್ರಮದ ಕಂತು ಅರ್ಧಕ್ಕಿಳಿಯಿತು ಎಂದು ಇವರು ಖುಷಿಪಟ್ಟರು.

ಈ ಖುಷಿಗೆ ಕಾರಣ ಗೊತ್ತಾದರೆ ಅನಿಮೆ ಲೋಕದ ಹಳೆಯ ಜಗಳವೊಂದೂ ಅರ್ಥವಾಗುತ್ತದೆ. ಯಾವ ಸರಣಿಯ ಬರವಣಿಗೆ ಒಳ್ಳೆಯದು, ಯಾವುದು ಕೆಟ್ಟದು ಎಂಬುದು ಆ ಜಗಳ. ಉದ್ದ ಸರಣಿಗಳ ವಿಷಯದಲ್ಲಿ ‘ಕೆಟ್ಟ ಬರವಣಿಗೆ’ ಅನ್ನುವ ದೂರಿನ ದೊಡ್ಡ ಪಾಲು ಕಥೆಗಾರನಿಗೆ ಸೇರಿದ್ದಲ್ಲ. ಅದು ಕ್ಯಾಲೆಂಡರ್‌ಗೆ ಸೇರಿದ್ದು.

ಎರಡು ಗಡಿಯಾರಗಳು

‘ಒನ್ ಪೀಸ್’ ಮೂಲದಲ್ಲಿ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಬರೆದು ಚಿತ್ರಿಸುವವರು ಐಚಿರೊ ಓಡಾ. 1997ರ ಜುಲೈನಿಂದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬರುತ್ತಿದೆ. ಒಂದು ಅಧ್ಯಾಯಕ್ಕೆ ಸುಮಾರು 17 ಪುಟ. ಪತ್ರಿಕೆಗೂ ಹಬ್ಬದ ರಜೆ ಇದೆ, ಓಡಾ ಅವರಿಗೂ ನಡುನಡುವೆ ಬಿಡುವು ಬೇಕು. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 40ಕ್ಕಿಂತ ಕಡಿಮೆ ಅಧ್ಯಾಯಗಳು ಬರುತ್ತಿವೆ.

ಅನಿಮೆಯ ಗಡಿಯಾರ ಬೇರೆ. ಟಿವಿ ಚಾನೆಲ್‌ನಲ್ಲಿ ಪ್ರತಿ ಭಾನುವಾರ ಒಂದು ಸಮಯ ಗೊತ್ತುಮಾಡಿರುತ್ತದೆ. ಜಾಹೀರಾತು ಕೊಡುವವರು ಆ ಸಮಯವನ್ನು ನಂಬಿಕೊಂಡಿರುತ್ತಾರೆ. ಹಳೆಯ ಕ್ರಮದಲ್ಲಿ ಅಲ್ಲೊಂದು ಇಲ್ಲೊಂದು ವಿಶೇಷ ಕಾರ್ಯಕ್ರಮ ಬಿಟ್ಟರೆ ವರ್ಷಕ್ಕೆ 40ಕ್ಕೂ ಜಾಸ್ತಿ ಕಂತು ಬೇಕೇ ಬೇಕಿತ್ತು.

ಈಗ ಲೆಕ್ಕ ಹಾಕಿ. ಒಂದು ಕಂತು ಎರಡು ಅಧ್ಯಾಯ ತಿಂದರೆ ಅನಿಮೆ ಕೆಲವೇ ತಿಂಗಳಲ್ಲಿ ಮಾಂಗಾದ ಬೆನ್ನಿಗೆ ಬಂದು ಮುಟ್ಟುತ್ತದೆ. ಒಂದೇ ಅಧ್ಯಾಯ ತಿಂದರೂ ಅಂತರ ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಬೆನ್ನಿಗೆ ಮುಟ್ಟಿದ ದಿನ ತೋರಿಸಲು ಕಥೆಯೇ ಇರುವುದಿಲ್ಲ. ಹೀಗೆ ಮೂಲಕ್ಕಿಂತ ವೇಗವಾಗಿ ಓಡುವ ಅನಿಮೆಗೆ ಉಳಿಯುವ ದಾರಿಗಳು ನಾಲ್ಕೇ: ಮೂಲದಲ್ಲಿಲ್ಲದ ಕಥೆ ಸೇರಿಸುವುದು, ಇರುವುದನ್ನು ಎಳೆಯುವುದು, ತಾನೇ ಬೇರೆ ಅಂತ್ಯ ಬರೆದುಕೊಳ್ಳುವುದು, ಇಲ್ಲವೇ ನಿಲ್ಲುವುದು.

ನಾಲ್ಕನ್ನೂ ಜಪಾನ್ ಪ್ರಯತ್ನಿಸಿದೆ.

ಫಿಲ್ಲರ್ ಕಾಲ

ಮೊದಲ ದಾರಿಗೆ ಅಭಿಮಾನಿಗಳು ಇಟ್ಟ ಹೆಸರು ಫಿಲ್ಲರ್. 2002ರಲ್ಲಿ ಶುರುವಾದ ‘ನರುಟೊ’ ಇದರ ದೊಡ್ಡ ಉದಾಹರಣೆ. ಒಟ್ಟು 220 ಕಂತು. 135ನೇ ಕಂತಿನ ಹೊತ್ತಿಗೆ ಮಾಂಗಾದಲ್ಲಿದ್ದ ಮುಖ್ಯ ಕಥೆಯ ಮೊದಲ ಘಟ್ಟ ಮುಗಿದುಹೋಯಿತು. ಆಮೇಲೆ ಬಂದ 80ಕ್ಕೂ ಹೆಚ್ಚು ಕಂತುಗಳಲ್ಲಿ ಬಹುಪಾಲು ಫಿಲ್ಲರ್. ಮಾಂಗಾ ಮುಂದೆ ಸಾಗಲಿ ಎಂದು ಕಾಯುತ್ತಾ ತುಂಬಿಸಿದ ಕಂತುಗಳವು. ‘ಬ್ಲೀಚ್’ ಕೂಡ ತನ್ನ ಅತಿ ಜನಪ್ರಿಯ ಭಾಗ ಮುಗಿದ ತಕ್ಷಣ, 64ನೇ ಕಂತಿನಿಂದ ಸುಮಾರು 45 ಕಂತು ಮೂಲದಲ್ಲಿಲ್ಲದ ಕಥೆ ಹೇಳಿತು.

ಫಿಲ್ಲರ್ ಅಂದರೆ ಕೆಟ್ಟದ್ದು ಎಂಬ ತೀರ್ಪು ಹುಟ್ಟಿದ್ದು ಇಲ್ಲಿಂದಲೇ. ಆದರೆ ಆ ತೀರ್ಪು ಪೂರ್ತಿ ಸರಿಯಲ್ಲ. ‘ಒನ್ ಪೀಸ್’ನ 196ರಿಂದ 206ರವರೆಗಿನ ಕಂತುಗಳನ್ನು ತೆಗೆದುಕೊಳ್ಳಿ. ಕಡಲ್ಗಳ್ಳರ ಹಡಗು ಆಕಾಶದಿಂದ ಬಿದ್ದು ನೇರ ನೌಕಾಪಡೆಯ ಕೋಟೆಯೊಳಗೇ ಸಿಕ್ಕಿಹಾಕಿಕೊಳ್ಳುವ ಕಥೆ. ಮಾಂಗಾದಲ್ಲಿ ಇದು ಇಲ್ಲವೇ ಇಲ್ಲ. ಆದರೂ ಅಭಿಮಾನಿಗಳು ಇವತ್ತಿಗೂ ಹೊಸಬರಿಗೆ ಇದನ್ನು ತಪ್ಪಿಸಬೇಡಿ ಎನ್ನುತ್ತಾರೆ. ಕಾರಣ ಸರಳ. ಅದಕ್ಕೆ ತನ್ನದೇ ಆರಂಭ, ತೊಡಕು, ಬಿಡುಗಡೆ ಇದೆ. ಪ್ರತಿ ಪಾತ್ರಕ್ಕೂ ಅದರ ಗುಣಕ್ಕೆ ತಕ್ಕ ಕೆಲಸ ಇದೆ. ಕಥೆ ಎಲ್ಲಿಂದ ಬಂತು ಎಂಬುದರ ಮೇಲೆ ಅದರ ಗುಣ ನಿಲ್ಲುವುದಿಲ್ಲ.

‘ಡಿಟೆಕ್ಟಿವ್ ಕಾನನ್’ 1996ರಿಂದ ಓಡುತ್ತಿದೆ. ಅಲ್ಲೂ ಮೂಲದಲ್ಲಿಲ್ಲದ ಕಂತುಗಳು ಬೇಕಾದಷ್ಟಿವೆ. ಅದಕ್ಕೆ ಯಾರೂ ಇಷ್ಟು ಸಿಟ್ಟಾಗುವುದಿಲ್ಲ. ಯಾಕಂದರೆ ಅಲ್ಲಿ ಒಂದು ಕೇಸು ಒಂದೆರಡು ಕಂತಿನಲ್ಲಿ ಮುಗಿಯುತ್ತದೆ. ಒಂದೇ ಗುರಿಯತ್ತ ಸಾಗುವ ಸಾಹಸಕಥೆಯಲ್ಲಿ ಮಾತ್ರ ನಡುವೆ ಬಂದ ಕಥೆ ದಾರಿ ತಪ್ಪಿಸಿದಂತೆ ಅನ್ನಿಸುತ್ತದೆ.

ಎಳೆಯುವುದು ಇನ್ನೂ ಕಷ್ಟದ ರೋಗ

2010ರ ದಶಕಕ್ಕೆ ಬರುವಷ್ಟರಲ್ಲಿ ‘ಒನ್ ಪೀಸ್’ ಉದ್ದನೆಯ ಫಿಲ್ಲರ್ ಕಥೆಗಳನ್ನು ಕಡಿಮೆ ಮಾಡಿತು. ಅದರ ಬದಲು ಎರಡನೇ ದಾರಿ ಹಿಡಿಯಿತು. ಅಧ್ಯಾಯವನ್ನೇ ಎಳೆಯತೊಡಗಿತು. ಸಂಖ್ಯೆ ನೋಡಿದರೆ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಕಥೆಯ ಮೊದಲ ಘಟ್ಟ ‘ಈಸ್ಟ್ ಬ್ಲೂ’. ಮಾಂಗಾದಲ್ಲಿ 100 ಅಧ್ಯಾಯ. ಅನಿಮೆಯಲ್ಲಿ 61 ಕಂತು, ಅದೂ ಒಂದು ಪುಟ್ಟ ಫಿಲ್ಲರ್ ಕಥೆಯೂ ಸೇರಿ. ಅಂದರೆ ಕಂತಿಗೆ ಒಂದೂವರೆ ಅಧ್ಯಾಯಕ್ಕಿಂತ ಜಾಸ್ತಿ. ಮುಂದೆ ‘ಡ್ರೆಸ್‌ರೋಸಾ’ ಭಾಗಕ್ಕೆ ಬನ್ನಿ. 700ರಿಂದ 801ರವರೆಗೆ 102 ಅಧ್ಯಾಯ. ಅನಿಮೆಯಲ್ಲಿ 629ರಿಂದ 746ರವರೆಗೆ 118 ಕಂತು. ಇಲ್ಲಿ ಕಂತಿಗೆ ಒಂದು ಅಧ್ಯಾಯವೂ ದಕ್ಕಲಿಲ್ಲ. ಆಮೇಲಿನ ‘ವಾನೋ’ ಭಾಗದ 149 ಅಧ್ಯಾಯಗಳಿಗೆ 190ಕ್ಕೂ ಹೆಚ್ಚು ಕಂತು ಹಿಡಿಯಿತು.

ಓಡಾ ಅವರ ಒಂದು ಅಧ್ಯಾಯವನ್ನು ಓದಲು ಹತ್ತು ನಿಮಿಷ ಸಾಕು. ಅದನ್ನು ಟಿವಿಯ ಅರ್ಧ ಗಂಟೆಗೆ ಹಿಗ್ಗಿಸುವುದು ಹೇಗೆ? ಮೊದಲು ಎರಡೂವರೆ ನಿಮಿಷದ ಆರಂಭದ ಹಾಡು. ಆಮೇಲೆ ಹಿಂದಿನ ವಾರ ಏನಾಯಿತು ಎಂಬ ನೆನಪು. ಹೊಸ ಭಾಗಕ್ಕೆ ಉಳಿಯುವುದು 20 ನಿಮಿಷಕ್ಕಿಂತ ಕಡಿಮೆ. ಅದನ್ನೂ ತುಂಬಬೇಕು. ಒಬ್ಬ ಮಾತಾಡಿದರೆ ಸುತ್ತ ನಿಂತ ಹತ್ತು ಜನರ ಮುಖ ಒಂದೊಂದಾಗಿ ತೋರಿಸುತ್ತಾರೆ. ಓಟದ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಎರಡು ಕಂತಿನ ಹಿಂದೆ ಕಂಡ ಹಿನ್ನೆನಪನ್ನು ಪೂರ್ತಿ ಮತ್ತೆ ಹಾಕುತ್ತಾರೆ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಒಂದು ಕಪಾಳಮೋಕ್ಷಕ್ಕೆ ಮನೆಮಂದಿಯ ಮುಖವೆಲ್ಲ ಮೂರು ಮೂರು ಸಲ ಬರುತ್ತದಲ್ಲ, ಅದೇ ವಿದ್ಯೆ, ಅದೇ ಕಾರಣ. ದಿನದ ಪಾಲು ತುಂಬಬೇಕು, ಕಥೆ ಮುಂದೆ ಹೋಗಬಾರದು.

ಇದು ಬರವಣಿಗೆಗೆ ಮಾಡುವ ಹಾನಿ ಬೇಸರಕ್ಕಿಂತ ದೊಡ್ಡದು. ಓಡಾ ಹಾಸ್ಯವನ್ನೂ ದುಃಖವನ್ನೂ ಅಕ್ಕಪಕ್ಕದ ಚೌಕಗಳಲ್ಲಿ ಇಡುತ್ತಾರೆ. ನಗು ಮುಗಿಯುವ ಮುಂಚೆಯೇ ಹೊಡೆತ ಬೀಳುತ್ತದೆ. ಎರಡರ ನಡುವೆ ಎಂಟು ಸೆಕೆಂಡಿನ ಮೌನ ತುರುಕಿದರೆ ನಗುವೂ ಸತ್ತಿತು, ಹೊಡೆತವೂ ತಪ್ಪಿತು. ಗುಟ್ಟು ಬಯಲಾಗುವ ಜಾಗದಲ್ಲೂ ಹೀಗೇ. ಪುಟ ತಿರುಗಿಸಿದಾಗ ಬೆಚ್ಚಿಬೀಳಿಸಬೇಕಾದ್ದು ಮೂರು ವಾರ ಎಳೆದಾಗ ನೋಡುಗ ಮೊದಲೇ ಊಹಿಸಿಬಿಡುತ್ತಾನೆ. ಆಮೇಲೆ ‘ಈ ತಿರುವು ದುರ್ಬಲ’ ಎನ್ನುತ್ತಾನೆ. ಅದೇ ತಿರುವನ್ನು ಮಾಂಗಾದಲ್ಲಿ ಓದಿದವನಿಗೆ ಈ ದೂರು ಅರ್ಥವೇ ಆಗುವುದಿಲ್ಲ. ಇಬ್ಬರೂ ಒಂದೇ ಕಥೆಯ ಬಗ್ಗೆ ಜಗಳವಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ನಿಜದಲ್ಲಿ ಅವರು ಎರಡು ಬೇರೆ ಅನುಭವಗಳನ್ನು ಹೋಲಿಸುತ್ತಿರುತ್ತಾರೆ.

ಇದು ಅಭಿಮಾನಿಗಳ ಕಲ್ಪನೆ ಅಲ್ಲ ಅನ್ನುವುದಕ್ಕೆ ಸಾಕ್ಷಿ ಟೋಯೈ ಸಂಸ್ಥೆಯಿಂದಲೇ ಬಂದಿದೆ. ಇದೇ ಸಂಸ್ಥೆಯ ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಖಳನಾಯಕ ಐದು ನಿಮಿಷದಲ್ಲಿ ಗ್ರಹ ಸಿಡಿಯುತ್ತದೆ ಎನ್ನುತ್ತಾನೆ. ಆ ಐದು ನಿಮಿಷ ಸುಮಾರು ಹತ್ತು ಕಂತು ನಡೆಯಿತು. 2009ರಲ್ಲಿ ಸಂಸ್ಥೆಯೇ ಆ ಸರಣಿಯನ್ನು ಕತ್ತರಿಸಿ ‘ಡ್ರ್ಯಾಗನ್ ಬಾಲ್ ಕಾಯ್’ ಹೆಸರಲ್ಲಿ ಮತ್ತೆ ಪ್ರಸಾರ ಮಾಡಿತು. ‘ಒನ್ ಪೀಸ್’ ವಿಷಯದಲ್ಲೂ ಇದು ನಡೆದಿದೆ. 2024ರ ಅಕ್ಟೋಬರ್‌ನಲ್ಲಿ ಅನಿಮೆ ಆರು ತಿಂಗಳ ಬಿಡುವು ತೆಗೆದುಕೊಂಡಿತು. ಆಗ ಖಾಲಿಯಾದ ಸಮಯದಲ್ಲಿ ಹಳೆಯ ‘ಫಿಶ್‌ಮ್ಯಾನ್ ಐಲ್ಯಾಂಡ್’ ಭಾಗವನ್ನು ಹೊಸದಾಗಿ ಸಂಕಲಿಸಿ ಹಾಕಿದರು. ಮೊದಲು 50ಕ್ಕೂ ಹೆಚ್ಚು ಕಂತುಗಳಲ್ಲಿ ಬಂದದ್ದು 21 ಕಂತಿಗೆ ಇಳಿಯಿತು. ಅಷ್ಟು ತೆಗೆದರೂ ಕಥೆ ಮುಕ್ಕಾಗಲಿಲ್ಲ. ಎಷ್ಟು ಗಾಳಿ ತುಂಬಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಲೆಕ್ಕ ಬೇಕಾಗಿಲ್ಲ.

ನಿಧಾನ ಬೇರೆ, ಎಳೆತ ಬೇರೆ

ಇಲ್ಲೊಂದು ಎಚ್ಚರ ಬೇಕು. ವೇಗವಾದದ್ದೆಲ್ಲ ಒಳ್ಳೆಯ ಬರವಣಿಗೆ, ನಿಧಾನವಾದದ್ದೆಲ್ಲ ಕೆಟ್ಟದ್ದು ಎಂದು ಹೊಸ ಪೀಳಿಗೆಯ ನೋಡುಗರು ಬೇಗ ತೀರ್ಮಾನಿಸಿಬಿಡುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ‘ಫ್ರೀರೆನ್’ ಅದನ್ನು ಸುಳ್ಳು ಮಾಡಿತು. 28 ಕಂತುಗಳ ಅದರ ಮೊದಲ ಸೀಸನ್‌ನಲ್ಲಿ ಯುದ್ಧ ಕಡಿಮೆ, ಮೌನ ಜಾಸ್ತಿ. ಸಾವಿರಾರು ವರ್ಷ ಬದುಕುವವಳಿಗೆ ಮನುಷ್ಯರ ಹತ್ತು ವರ್ಷ ಎಷ್ಟು ಚಿಕ್ಕದು ಎಂಬುದೇ ಅದರ ವಿಷಯ. ಅಲ್ಲಿ ನಿಧಾನ ಕಥೆಗೆ ಬೇಕು. ಕಾಲ ಸರಿಯುವುದು ನೋಡುಗನಿಗೆ ಅನ್ನಿಸಬೇಕು. ‘ಡ್ರೆಸ್‌ರೋಸಾ’ದ ನಿಧಾನ ಕಥೆ ಕೇಳಿದ್ದಲ್ಲ, ಟಿವಿಯ ವೇಳಾಪಟ್ಟಿ ಕೇಳಿದ್ದು.

ಮೂರನೇ ದಾರಿ, ಅಂದರೆ ಅನಿಮೆ ತಾನೇ ಅಂತ್ಯ ಬರೆದುಕೊಳ್ಳುವುದು, ಎಲ್ಲ ಸಲ ಸೋತಿಲ್ಲ. 2003ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮಾಂಗಾ ಇನ್ನೂ ನಡೆಯುತ್ತಿರುವಾಗಲೇ ಬೇರೆ ದಾರಿ ಹಿಡಿದು 51 ಕಂತಿಗೆ ಮುಗಿಯಿತು. 2009ರಲ್ಲಿ ಅದೇ ಬೋನ್ಸ್ ಸ್ಟುಡಿಯೋ ಮಾಂಗಾಕ್ಕೆ ನಿಷ್ಠವಾಗಿ 64 ಕಂತಿನ ಎರಡನೇ ಸರಣಿ ಮಾಡಿತು. ಯಾವುದು ಮೇಲು ಎಂಬ ವಾದ ಈಗಲೂ ಬಿಸಿಯಾಗಿದೆ. ಎರಡಕ್ಕೂ ನಿಜವಾದ ಅಭಿಮಾನಿಗಳಿದ್ದಾರೆ. ಮೊದಲನೆಯದು ತನ್ನ ಕಥೆ ಎಲ್ಲಿಗೆ ಹೋಗಬೇಕು ಎಂದು ತಾನೇ ತೀರ್ಮಾನಿಸಿತು, ಸುಮ್ನೆ ಕಾಯುತ್ತಾ ಕೂರಲಿಲ್ಲ.

ನಿಲ್ಲಲು ಕಲಿತವರು

ನಾಲ್ಕನೇ ದಾರಿ ಈಗ ರೂಢಿ. ಮೂರು ತಿಂಗಳಿಗೆ 12 ಅಥವಾ 13 ಕಂತಿನ ಒಂದು ಕಟ್ಟು. ಒಂದು ಕಟ್ಟು ಅಥವಾ ಎರಡು ಕಟ್ಟು ಮುಗಿಸಿ ಮಾಂಗಾ ಮುಂದೆ ಸಾಗುವವರೆಗೆ ನಿಲ್ಲುವುದು. 2013ರಲ್ಲಿ ಬಂದ ‘ಅಟ್ಯಾಕ್ ಆನ್ ಟೈಟನ್’ 25 ಕಂತಾದ ಮೇಲೆ ನಾಲ್ಕು ವರ್ಷ ನಿಂತು 2017ರಲ್ಲಿ ಮರಳಿತು, 2023ರ ನವೆಂಬರ್‌ನಲ್ಲಿ ಮುಗಿಯಿತು. ‘ಡೀಮನ್ ಸ್ಲೇಯರ್’ 2019ರಲ್ಲಿ 26 ಕಂತು ತೋರಿಸಿ ನಿಂತು, ಮುಂದಿನ ಭಾಗವನ್ನು 2020ರಲ್ಲಿ ಸಿನಿಮಾ ಮಾಡಿತು. ಅದು ಜಪಾನಿನಲ್ಲಿ 40 ಬಿಲಿಯನ್ ಯೆನ್ ದಾಟಿ ಆ ದೇಶದ ಗಳಿಕೆಯ ದಾಖಲೆ ಮುರಿಯಿತು. ‘ಬ್ಲೀಚ್’ 2012ರಲ್ಲಿ 366 ಕಂತಿಗೆ ನಿಂತಿತ್ತು. 2022ರಲ್ಲಿ ಮರಳಿದ್ದು ಈ ಹೊಸ ಕ್ರಮದಲ್ಲೇ.

ಹಾಗಾಗಿ ‘ಒನ್ ಪೀಸ್’ ಹೊಸ ದಾರಿ ಹುಡುಕಿಲ್ಲ. ಎಲ್ಲರೂ ಹೋದ ದಾರಿಗೆ ಕೊನೆಗೆ ತಾನೂ ಬಂದಿದೆ. ಇದರ ಸುಳಿವು ಮೊದಲೇ ಇತ್ತು. 2006ರಿಂದ ಭಾನುವಾರ ಬೆಳಿಗ್ಗೆ 9.30ಕ್ಕೆ ಬರುತ್ತಿದ್ದ ಕಾರ್ಯಕ್ರಮವನ್ನು 2025ರ ಏಪ್ರಿಲ್‌ನಲ್ಲಿ ರಾತ್ರಿ 11.15ಕ್ಕೆ ಸರಿಸಿದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಮಕ್ಕಳು ನೋಡುವ ಕಾರ್ಯಕ್ರಮ, ಮಲಗುವ ಮುಂಚೆ ದೊಡ್ಡವರು ನೋಡುವುದಾಯಿತು. 1999ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಮೂವತ್ತೈದು ದಾಟಿದೆ.

ವಾರದ ಕಂತು ಬೇಕೆನ್ನುವವರ ಮಾತು

ಇಷ್ಟೆಲ್ಲ ಆದಮೇಲೂ ಹಳೆಯ ಕ್ರಮವನ್ನು ಬಿಡಲೊಪ್ಪದವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ.

ಅವರು ಹೇಳುವ ಮೊದಲ ಮಾತು ಒಡನಾಟದ್ದು. ವಾರಕ್ಕೊಂದು ಕಂತು ಬಂದರೆ ಏಳು ದಿನ ಮಾತಾಡಲು ವಿಷಯ ಇರುತ್ತದೆ. ಊಹೆ, ವಾದ, ಚಿತ್ರ ಬಿಡಿಸುವುದು, ಎಲ್ಲ ಆ ಏಳು ದಿನದಲ್ಲಿ ನಡೆಯುತ್ತದೆ. ಇದಕ್ಕೆ ಎದುರಿನ ಉದಾಹರಣೆ 2021ರ ಡಿಸೆಂಬರ್‌ನದು. ನೆಟ್‌ಫ್ಲಿಕ್ಸ್ ‘ಜೋಜೋ’ ಸರಣಿಯ ‘ಸ್ಟೋನ್ ಓಶನ್’ ಭಾಗದ 12 ಕಂತುಗಳನ್ನು ಒಂದೇ ದಿನ ಬಿಟ್ಟಿತು. ವಾರಾಂತ್ಯಕ್ಕೆ ಎಲ್ಲರೂ ನೋಡಿ ಮುಗಿಸಿದರು. ಮಾತು ಕೂಡ ಅಷ್ಟೇ ಬೇಗ ಮುಗಿಯಿತು ಎಂದು ಆ ಸರಣಿಯ ಅಭಿಮಾನಿಗಳು ಬೇಸರಪಟ್ಟರು. ‘ಒನ್ ಪೀಸ್’ ಹೊಸ ಕ್ರಮದಲ್ಲೂ ಪ್ರಸಾರದ ತಿಂಗಳುಗಳಲ್ಲಿ ವಾರಕ್ಕೊಂದೇ ಬರುತ್ತದೆ. ಆದರೆ ವರ್ಷದ ಅರ್ಧ ಖಾಲಿ.

ಎರಡನೆಯದು ಅಭ್ಯಾಸ. ಎರಡು ದಶಕಕ್ಕೂ ಹೆಚ್ಚು ಕಾಲ ಭಾನುವಾರ ಅಂದರೆ ಇದು ಎಂದು ಒಗ್ಗಿಹೋದವರಿಗೆ ಕಂತಿನ ಗುಣಮಟ್ಟವೇ ಎಲ್ಲವೂ ಅಲ್ಲ. ಆ ಪಾತ್ರಗಳ ಜೊತೆ ಅರ್ಧ ಗಂಟೆ ಕೂರುವುದೇ ಅವರಿಗೆ ಬೇಕಾದ್ದು. ಇದನ್ನು ಕೀಳು ಅಭಿರುಚಿ ಎಂದು ತೀರ್ಮಾನಿಸುವುದು ಅನ್ಯಾಯ. ಉದ್ದ ಕಥೆಗಳು ಜನರ ಬದುಕಿನಲ್ಲಿ ಹೀಗೇ ಜಾಗ ಹಿಡಿಯುವುದು.

ಮೂರನೇ ಮಾತು ಇನ್ನೂ ಗಟ್ಟಿ. ವಾರದ ಒತ್ತಡದಲ್ಲೇ ಅದ್ಭುತ ಕಂತುಗಳು ಬಂದಿವೆ. ‘ವಾನೋ’ ಕಾಲದಲ್ಲಿ ಮೆಗುಮಿ ಇಶಿತಾನಿ ನಿರ್ದೇಶಿಸಿದ 957, 982, 1015ನೇ ಕಂತುಗಳು ಸಿನಿಮಾ ಮಟ್ಟದವು. ಇದು ಹೇಗೆ ಸಾಧ್ಯ ಅಂದರೆ, ವಾರಕ್ಕೊಂದು ಕಂತು ಅಂದಮಾತ್ರಕ್ಕೆ ಒಂದು ವಾರದಲ್ಲಿ ತಯಾರಾಗುವ ಕಂತು ಎಂದಲ್ಲ. ಒಂದೊಂದು ಕಂತಿನ ಹಿಂದೆ ತಿಂಗಳುಗಳ ಕೆಲಸ ಇರುತ್ತದೆ. ಹಲವು ತಂಡಗಳು ಸರದಿಯಲ್ಲಿ ದುಡಿಯುತ್ತವೆ. ಒಂದು ತಂಡಕ್ಕೆ ಜಾಸ್ತಿ ಸಮಯ ಕೊಟ್ಟರೆ ಉಳಿದವು ಭಾರ ಹೊರಬೇಕು.

ಈ ಮಾತು ವಾರದ ಕ್ರಮದ ಪರವಾಗಿ ಬಂದರೂ ಅದರ ಬಲಹೀನತೆಯನ್ನೂ ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಂತು ಬೆಳಗಲು ಅಕ್ಕಪಕ್ಕದ ಕಂತುಗಳು ಸೊರಗಬೇಕಾಗುತ್ತದೆ. ಸರದಿ ಒಂದು ಕಡೆ ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. 2020ರಲ್ಲಿ ಕೋವಿಡ್ ಬಂದಾಗ, 2022ರ ಮಾರ್ಚ್‌ನಲ್ಲಿ ಟೋಯೈ ಸಂಸ್ಥೆಯ ಕಂಪ್ಯೂಟರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದಾಗ, ಎರಡೂ ಸಲ ವಾರಗಟ್ಟಲೆ ಹೊಸ ಕಂತು ಬರಲಿಲ್ಲ.

ಕಂತು ಕಡಿಮೆಯಾದರೆ ಗುಣ ಹೆಚ್ಚುತ್ತದಾ?

ಹೆಚ್ಚಬಹುದು. ಆದರೆ ತಾನಾಗಿ ಹೆಚ್ಚುವುದಿಲ್ಲ.

‘ಒನ್ ಪಂಚ್ ಮ್ಯಾನ್’ ನೋಡಿ. ಮೊದಲ ಸೀಸನ್ 2015ರಲ್ಲಿ, ಎರಡನೆಯದು 2019ರಲ್ಲಿ ಬೇರೆ ಸ್ಟುಡಿಯೋದಿಂದ. ಮೂರನೆಯದು 2025ರ ಅಕ್ಟೋಬರ್‌ನಲ್ಲಿ. ಆರು ವರ್ಷ ಕಾದವರು ಅರೆಬರೆ ಚಲನೆಯ, ನಿಂತ ಚಿತ್ರಗಳಂಥ ದೃಶ್ಯಗಳನ್ನು ನೋಡಿ ನಿರಾಶೆಪಟ್ಟರು. ಎರಡು ಸೀಸನ್‌ಗಳ ನಡುವೆ ಆರು ವರ್ಷ ಇತ್ತು ಅಂದರೆ ಆರು ವರ್ಷ ಕೆಲಸ ನಡೆಯಿತು ಎಂದು ಅರ್ಥವಲ್ಲ. ಬಿಡುವಿನಲ್ಲಿ ಸ್ಟುಡಿಯೋಗಳು ಬೇರೆ ಸರಣಿಗಳಲ್ಲಿ ಮುಳುಗಿರುತ್ತವೆ. ‘ಜುಜುತ್ಸು ಕೈಸೆನ್’ನ ಎರಡನೇ ಸೀಸನ್ ಕೂಡ ಕಟ್ಟುಗಳ ಕ್ರಮದಲ್ಲೇ ಬಂದದ್ದು. ಆದರೂ 2023ರಲ್ಲಿ ಅದರ ಅನಿಮೇಟರ್‌ಗಳು ಸಮಯವೇ ಸಾಲುತ್ತಿಲ್ಲ ಎಂದು ಬಹಿರಂಗವಾಗಿ ನೋವು ತೋಡಿಕೊಂಡರು.

ಇನ್ನೊಂದು ಅಪಾಯ ಎಳೆತದ ಉಲ್ಟಾ. 2021ರಲ್ಲಿ ಬಂದ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ನ ಎರಡನೇ ಸೀಸನ್‌ಗೆ ಸಿಕ್ಕಿದ್ದು 11 ಕಂತು. ಮಾಂಗಾದ ಉಳಿದ ಕಥೆಯನ್ನೆಲ್ಲ ಅದರಲ್ಲೇ ಮುಗಿಸಲು ಹೊರಟರು. ಓದುಗರು ತುಂಬಾ ಮೆಚ್ಚಿದ್ದ ‘ಗೋಲ್ಡಿ ಪಾಂಡ್’ ಭಾಗವನ್ನೇ ಬಿಟ್ಟರು. ಮೊದಲ ಸೀಸನ್‌ನಲ್ಲಿ ಉಸಿರು ಬಿಗಿಹಿಡಿದು ನೋಡಿದ್ದ ಕಥೆ ಎರಡನೆಯದರಲ್ಲಿ ಸಾರಾಂಶದಂತೆ ಓಡಿತು. ಮೂಲ ಒಂದೇ. ಹಂಚಿಕೆ ತಪ್ಪಿತು.

ಹಾಗಾಗಿ 26 ಎಂಬ ಸಂಖ್ಯೆಯನ್ನೇ ನೋಡಿ ತೀರ್ಮಾನಿಸಬಾರದು. ಕೇಳಬೇಕಾದ್ದು ಎರಡು. ಪ್ರತಿ ಕಂತಿಗೆ ಎಷ್ಟು ಅಧ್ಯಾಯ ಇಡುತ್ತಾರೆ? ಕಂತು ಕಡಿಮೆಯಾದಾಗ ತಂಡಗಳನ್ನೂ ಕಡಿಮೆ ಮಾಡುತ್ತಾರಾ? ತಂಡ ಅಷ್ಟೇ ಉಳಿದರೆ ಪ್ರತಿ ಕಂತಿಗೆ ಸಿಗುವ ಕೈಗಳು, ದಿನಗಳು ಜಾಸ್ತಿಯಾಗುತ್ತವೆ. ಅರ್ಧ ತಂಡವನ್ನು ಬೇರೆ ಕೆಲಸಕ್ಕೆ ಕಳಿಸಿದರೆ ಒತ್ತಡ ಮೊದಲಿನಷ್ಟೇ. ಜಪಾನಿನ ಅನಿಮೇಟರ್‌ಗಳಲ್ಲಿ ಬಹಳಷ್ಟು ಜನ ಸಂಬಳದವರಲ್ಲ. ಬಿಡಿಸಿದ ಚಿತ್ರಕ್ಕೆ ಇಷ್ಟು ಎಂದು ಹಣ ಪಡೆಯುವವರು. ಅವರಿಗೆ ಕಂತು ಅರ್ಧವಾಗುವುದು ವಿಶ್ರಾಂತಿಯೂ ಆಗಬಹುದು, ಆದಾಯದ ಕಡಿತವೂ ಆಗಬಹುದು. ಈ ಚರ್ಚೆಯಲ್ಲಿ ಅಭಿಮಾನಿಗಳು ಸಾಮಾನ್ಯವಾಗಿ ಮರೆಯುವ ಭಾಗ ಇದು. ಮರೆಯಬಾರದ ಭಾಗವೂ ಇದೇ.

ಹಣದ ಲೆಕ್ಕ ಚಿಕ್ಕದಾಗಿ ಹೇಳಬಹುದು. ಹಿಂದೆ ಇಂಥ ಕಾರ್ಯಕ್ರಮ ಟಿವಿ ಜಾಹೀರಾತು ಮತ್ತು ಆಟಿಕೆಗಳ ಮೇಲೆ ನಿಂತಿತ್ತು. ವರ್ಷವಿಡೀ ಪರದೆ ಮೇಲೆ ಇರುವುದೇ ಲಾಭ. ಈಗ ಬೇರೆ ದೇಶಗಳ ಸ್ಟ್ರೀಮಿಂಗ್ ಹಕ್ಕು ದೊಡ್ಡ ಆದಾಯ. ಅಲ್ಲಿ ನೋಡುಗ ಇವತ್ತಿನ ಕಂತನ್ನು ಐದು ವರ್ಷ ಬಿಟ್ಟೂ ನೋಡುತ್ತಾನೆ. ಎಳೆದ ಕಂತು ಅವನನ್ನು ಓಡಿಸುತ್ತದೆ. ಆದ್ದರಿಂದ ಒಳ್ಳೆಯ 26 ಕಂತಿಗೆ, ಎಳೆದ 45 ಕಂತಿಗಿಂತ ಬೆಲೆ ಬಂದಿದೆ.

ಮುಂದಿನ ವರ್ಷಗಳಲ್ಲಿ ಏನಾಗಬಹುದು?

ಅನಿಮೆ ಮಾಂಗಾಕ್ಕಿಂತ ಎಷ್ಟು ಹಿಂದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 2025 ಮುಗಿಯುವಾಗ ಈ ಅಂತರ 40 ಅಧ್ಯಾಯದ ಆಸುಪಾಸಿನಲ್ಲಿತ್ತು. ಟೋಯೈ ಹೇಳಿರುವ ಗುರಿ ಮಾಂಗಾದ ಲಯಕ್ಕೆ ಹತ್ತಿರವಾಗುವುದು. ಕಂತಿಗೆ ಒಂದು ಅಧ್ಯಾಯ ಇಟ್ಟರೆ ವರ್ಷಕ್ಕೆ 26 ಅಧ್ಯಾಯ ಖರ್ಚು. ಓಡಾ ಬರೆಯುವುದು ಅದಕ್ಕಿಂತ ಜಾಸ್ತಿ. ಹಾಗಾಗಿ ಅಂತರ ವರ್ಷ ವರ್ಷ ಹಿಗ್ಗುತ್ತದೆ. ಒಂದೂವರೆ ಅಧ್ಯಾಯ ಇಟ್ಟರೆ 39, ಅಂದರೆ ಹೆಚ್ಚುಕಡಿಮೆ ಸಮ. ಲೇಖನದ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಕಂತುಗಳ ಸಂಖ್ಯೆ ಇಳಿದರೂ ಒಂದೊಂದು ಕಂತಿನೊಳಗೆ ಕಥೆ ಓಡುವ ವೇಗ ಈಸ್ಟ್ ಬ್ಲೂ ದಿನಗಳ ಹತ್ತಿರಕ್ಕೆ ಮರಳಬಹುದು.

ಅಂತರ ಹಿಗ್ಗಿದರೆ ಅನಿಮೆ ಮಾತ್ರ ನೋಡುವವರಿಗೆ ಸ್ಪಾಯ್ಲರ್ ಕಾಟ, ಅಂದರೆ ಕಥೆಯ ಗುಟ್ಟು ಮೊದಲೇ ಕಿವಿಗೆ ಬೀಳುವ ಕಾಟ, ಜಾಸ್ತಿ. 2022ರಲ್ಲೇ ಓಡಾ ಕಥೆಯ ಕೊನೆಯ ಘಟ್ಟಕ್ಕೆ ಕಾಲಿಟ್ಟಿದ್ದಾರೆ. ಅಂತಿಮ ಗುಟ್ಟು ಮಾಂಗಾದಲ್ಲಿ ಬಯಲಾದ ದಿನ ಅದು ಜಗತ್ತಿನ ಸುದ್ದಿಯಾಗುತ್ತದೆ. ಅನಿಮೆ ಅಲ್ಲಿಗೆ ತಲುಪುವುದು ವರ್ಷಗಳ ಮೇಲೆ. ಅನಿಮೆ ಮಾತ್ರ ನೋಡುತ್ತಿದ್ದ ಬಹಳ ಜನ ಈ ಕಾರಣಕ್ಕೇ ಮಾಂಗಾ ಹಿಡಿಯಬಹುದು. ಪ್ರಕಾಶಕರಿಗೆ ಇದರಿಂದ ನಷ್ಟವಿಲ್ಲ.

ಹೊಸಬರಿಗೆ ಇನ್ನೊಂದು ಬಾಗಿಲು ತೆರೆಯುತ್ತಿದೆ. 2023ರ ಡಿಸೆಂಬರ್‌ನಲ್ಲಿ ವಿಟ್ ಸ್ಟುಡಿಯೋ ‘ಒನ್ ಪೀಸ್’ ಅನ್ನು ಈಸ್ಟ್ ಬ್ಲೂನಿಂದ ಮತ್ತೆ ಅನಿಮೆ ಮಾಡುವುದಾಗಿ ಘೋಷಿಸಿತು. ಅದು ನೆಟ್‌ಫ್ಲಿಕ್ಸ್‌ನಲ್ಲಿ ಬರಲಿದೆ. 1150 ಕಂತು ಅಂದಾಕ್ಷಣ ಬೆದರಿ ದೂರ ಸರಿಯುವವರಿಗೆ ಇದು ಅನುಕೂಲ. ಅದೇ ಹೊತ್ತಿಗೆ ಹಳೆಯ ಅನಿಮೆಗೆ ಇದು ಒತ್ತಡವೂ ಹೌದು. ಒಂದೇ ಕಥೆಯ ಎರಡು ರೂಪ ಪಕ್ಕಪಕ್ಕ ಇದ್ದಾಗ ಎಳೆದ ಕಂತು ಎದ್ದು ಕಾಣುತ್ತದೆ.

ಕನ್ನಡದ ನೋಡುಗರಿಗೆ

2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದ ಚಿತ್ರಮಂದಿರಗಳಿಗೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಇತ್ತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕರ್ನಾಟಕದಲ್ಲಿ ಡಬ್ಬಿಂಗ್ ವಿರೋಧ ದಶಕಗಳ ಕಾಲ ನಡೆಯಿತು. 2015ರಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಎಂದು ಆದೇಶಿಸಿತು. ಆದರೆ ಮಧ್ಯದಲ್ಲಿ ಕಳೆದ ವರ್ಷಗಳಲ್ಲಿ ಡಬ್ಬಿಂಗ್ ಮಾರುಕಟ್ಟೆ ಪಕ್ಕದ ರಾಜ್ಯಗಳಲ್ಲಿ ಬೆಳೆಯಿತು, ಇಲ್ಲಿ ಬೆಳೆಯಲಿಲ್ಲ. ಮಕ್ಕಳ ಕಾರ್ಟೂನ್‌ಗಳು ಮಾತ್ರ ಬೇರೆ ದಾರಿ ಹಿಡಿದಿದ್ದವು. 2009ರಲ್ಲಿ ಶುರುವಾದ ಚಿಂಟು ಟಿವಿ ಅವನ್ನು ಕನ್ನಡದಲ್ಲೇ ತೋರಿಸಿತು. ಅದನ್ನು ನೋಡಿ ಬೆಳೆದವರೇ ಈಗ ಅನಿಮೆಯನ್ನು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನೋಡುತ್ತಿದ್ದಾರೆ.

ಸಾವಿರ ಕಂತಿನ ಸರಣಿಯೊಂದನ್ನು ಹೊಸ ಭಾಷೆಗೆ ತರಲು ಯಾವ ಕಂಪನಿಯೂ ಸುಲಭವಾಗಿ ಒಪ್ಪುವುದಿಲ್ಲ. 12 ಅಥವಾ 26 ಕಂತಿನ ಕಟ್ಟಾದರೆ ಖರ್ಚು ಅಳತೆಗೆ ಸಿಗುತ್ತದೆ, ಗೆಲ್ಲದಿದ್ದರೆ ನಿಲ್ಲಿಸಲೂಬಹುದು. ಚಿಕ್ಕ ಸೀಸನ್‌ಗಳ ಕಡೆಗಿನ ಈ ಬದಲಾವಣೆ ನಮಗೆ ಕೊಡುವ ನಿಜವಾದ ಅವಕಾಶ ಇಲ್ಲಿದೆ. ಕಥೆಯ ನಡುವಿನಿಂದ ಶುರುವಾಗುವ ಎಲ್ಬಾಫ್‌ಗಿಂತ, ಮೊದಲಿನಿಂದ ಶುರುವಾಗುವ ವಿಟ್ ಸ್ಟುಡಿಯೋದ ಹೊಸ ಸರಣಿ ಕನ್ನಡ ಡಬ್ಬಿಂಗ್‌ಗೆ ಹೆಚ್ಚು ಸರಿಹೊಂದುತ್ತದೆ. ಕೇಳುವುದಿದ್ದರೆ ಅದು ಬಿಡುಗಡೆಯಾಗುವ ಮೊದಲೇ ಕೇಳಬೇಕು. ಅನುವಾದಕರನ್ನು, ಧ್ವನಿ ಕಲಾವಿದರನ್ನು ಗೊತ್ತುಮಾಡುವ ಕೆಲಸ ಬಿಡುಗಡೆಗೆ ತಿಂಗಳುಗಳ ಮುಂಚೆಯೇ ಶುರುವಾಗುತ್ತದೆ, ಯಾವ ಭಾಷೆಗಳಲ್ಲಿ ಎಂಬ ತೀರ್ಮಾನ ಅದಕ್ಕೂ ಮುಂಚೆ ಆಗಿರುತ್ತದೆ.